ಟವೆಲ್ ಅಡಿಯಲ್ಲಿ ಎರಡೂವರೆ ಸಾವಿರ

ಹದಿನಾಲ್ಕು ವರ್ಷ ಓಡಿಸಿದ ಸ್ಪ್ಲೆಂಡರು 2025ರ ಮಳೆಗಾಲದಲ್ಲಿ ಕೈಕೊಟ್ಟಿತು. ದೀಪಾವಳಿಯೊಳಗೆ ಹೊಸ ಗಾಡಿ ಅಂತ ತೀರ್ಮಾನವಾದಾಗ ಹೆಂಡತಿ ಹೇಳಿದ್ದು ಒಂದೇ ಮಾತು: "ನಿಮಗೆ ವ್ಯಾಪಾರ ಬರಲ್ಲ, ನಮ್ಮಪ್ಪನ್ನ ಕರ್ಕಂಡು ಹೋಗ್ರಿ."

ಮಾವ ಮಾಯಕೊಂಡದ ಕಡೆಯವರು. ನಲವತ್ತು ವರ್ಷ ದನದ ಸಂತೆ ಸುತ್ತಿದವರು. ನಾನು ದಾವಣಗೆರೆ ಕೋರ್ಟ್ ಹತ್ತಿರ ಜೆರಾಕ್ಸ್ ಅಂಗಡಿಯವನು. ಊರವರ ಕಾಗದವೆಲ್ಲ ನನ್ನ ಕೈಮೇಲೆ ಹೋಗುತ್ತೆ, ಆದರೆ ಸೊಪ್ಪಿನವಳ ಹತ್ತಿರ ಐದು ರೂಪಾಯಿ ಬಿಡಿಸೋಕೂ ಬರಲ್ಲ.

ಪಿ.ಬಿ. ರಸ್ತೆಯ ಶೋರೂಮಿನಲ್ಲಿ 125 ಸಿಸಿ ಗಾಡಿಗೆ ಹುಡುಗ ಕೊಟೇಶನ್ ಕೊಟ್ಟ: ಆನ್‌ರೋಡ್ 1,08,900. "ಹತ್ತು ಪರ್ಸೆಂಟ್ ಇಳಿಸಿದೀವಿ ಸರ್." 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ಪೇಪರಿನಲ್ಲೇ ಬಂದಿತ್ತು. ಸರ್ಕಾರ ಇಳಿಸಿದ್ದನ್ನ ತಮ್ಮ ಜೇಬಿಂದ ಬಿಟ್ಟಂಗೆ ಹೇಳ್ತಾನಲ್ಲ ಅನ್ನಿಸಿತು.

ಮಾವ ನೇರ ಕೊಟೇಶನ್ನಿನ ಮೇಲಿನ ಸಾಲಿಗೇ ಕೈ ಹಾಕಿದರು. "ಎಂಬತ್ತಕ್ಕೆ ಕೊಡ್ರಿ, ರೊಕ್ಕ ಈಗಲೇ ಎಣಿಸ್ತೀನಿ." ಹುಡುಗ ನಕ್ಕ. ಮುಕ್ಕಾಲು ಗಂಟೆ, ಎರಡು ಸಲ ಚಹಾ, ನಯಾಪೈಸೆ ಇಳಿಯಲಿಲ್ಲ. ಎಕ್ಸ್‌ಶೋರೂಮ್ ದರ, ಜೀವಾವಧಿ ತೆರಿಗೆ ಅಲ್ಲಾಡೋ ಕಲ್ಲುಗಳಲ್ಲ. ಅಲ್ಲಾಡೋವು ಕೆಳಗಿದ್ದವು.

ಇನ್ಶೂರೆನ್ಸ್ 8,150 ಅಂತಿತ್ತು. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ, ಅಂದ್ರೆ ಬೇರೆಯವರಿಗಾದ ಹಾನಿಯ ವಿಮೆ, ಕಡ್ಡಾಯ. 75ರಿಂದ 150 ಸಿಸಿಗೆ ಆಗ ಅದರ ಕಂತು 3,851 ಇತ್ತು, ಮೇಲೆ ಜಿಎಸ್‌ಟಿ. ಗಾಡಿಯ ಸ್ವಂತ ಹಾನಿಗೆ ಒಂದು ವರ್ಷದ್ದು ಸೇರಿಸಿದರೂ ನನ್ನ ಮೊಬೈಲಿನಲ್ಲಿ 5,900 ತೋರಿಸ್ತಿತ್ತು. ಹೊರಗಿಂದ ಮಾಡಿಸ್ತೀನಿ ಅಂದೆ. "ಆಗ ಕ್ಲೇಮ್ ಆದ್ರೆ ನಮ್ಮ ಜವಾಬ್ದಾರಿ ಅಲ್ಲ ಸರ್" ಅಂತ ಹೆದರಿಸಿದ. ನಾನು ಸುಮ್ಮನೆ ಕೂತೆ. ಮ್ಯಾನೇಜರು ಬಂದು 6,200ಕ್ಕೆ ಒಪ್ಪಿದರು. ಹ್ಯಾಂಡ್ಲಿಂಗ್ 1,500 ಯಾತಕ್ಕೆ ಅಂದದ್ದಕ್ಕೆ ಉತ್ತರವೇ ಬರಲಿಲ್ಲ, ಪೆನ್ನಿಂದ ಹೊಡೆದುಹಾಕಿದರು. ಹೆಲ್ಮೆಟ್ಟಿನ 950 ಕೂಡ ಹೋಯಿತು. ಗಾಡಿ ಜೊತೆ ಹೆಲ್ಮೆಟ್ ಕೊಡಬೇಕು ಅಂತ ಮೋಟಾರು ವಾಹನ ನಿಯಮ 138ರಲ್ಲೇ ಇದೆ.

ಮಾವನ ಮುಖ ಸಣ್ಣದಾಗಿತ್ತು. ಎದ್ದು ಹೋಗಿ ಗಾಡಿ ಸುತ್ತ ತಿರುಗತೊಡಗಿದರು. ನಾನೂ ಹೋಗಿ ಕುಕ್ಕರುಗಾಲಲ್ಲಿ ಕೂತು ಹಿಂದಿನ ಟೈರು ನೋಡಿದೆ. ಪಕ್ಕದಲ್ಲಿ 4124 ಅಂತ ಒತ್ತಿತ್ತು.

"ಮಾವ, ಇದು 2024ರ ನಲವತ್ತೊಂದನೇ ವಾರದ ಟೈರು. ಟೈರು ಗಾಡಿಗಿಂತ ಒಂದೆರಡು ತಿಂಗಳು ಹಳೇದಿರಬಹುದು, ವರ್ಷ ಹಳೇದಿರಲ್ಲ."

"ಅಂದ್ರೆ ದನದ ವಯಸ್ಸಿಗೆ ಹಲ್ಲು ನೋಡಿದಂಗಾತಲ್ರೀ ಅಳಿಯಂದ್ರೆ!"

ಅಲ್ಲಿಂದ ವ್ಯಾಪಾರ ಅವರದ್ದು. ಮ್ಯಾನೇಜರನ್ನ ಕರೆದು, "ಹಲ್ಲೆಲ್ಲ ಬಂದು ಬಾಯಿಗೂಡಿದ ಎತ್ತಿಗೆ ಕರುವಿನ ರೇಟು ಹೇಳ್ತೀರೇನ್ರೀ?" ಅಂದರು. ಅವರು ಚಾಸಿ ನಂಬರು ನೋಡಿ ಒಪ್ಪಿಕೊಂಡರು, 2024ರ ಡಿಸೆಂಬರಿನ ಗಾಡಿ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಬಂದೇ ಬರುತ್ತೆ. ನಾಳೆ ಮಾರೋಕೆ ಹೋದರೆ ಗಿರಾಕಿ ಮೊದಲು ನೋಡೋದು ಅದನ್ನೇ. ಹೊಸ ಸ್ಟಾಕು ಬೇಕಂದ್ರೆ ಹಬ್ಬ ಕಳೀಬೇಕು ಅಂದರು ಮ್ಯಾನೇಜರು.

ಪಕ್ಕದ ಟೇಬಲ್ಲಿನಲ್ಲಿ ಗಂಡಹೆಂಡತಿ ಅದೇ ಗಾಡಿ ಮಾತಾಡ್ತಿದ್ದರು. ಮಾವ ಅತ್ತ ಒಂದು ಸಲ ನೋಡಿ, ಹೆಗಲ ಮೇಲಿನ ಟವೆಲ್ ತೆಗೆದು ಮ್ಯಾನೇಜರ ಕೈ ಮೇಲೆ ಹಾಕಿ, ಅಡಿಯಲ್ಲಿ ಕೈ ಹಿಡಿದೇಬಿಟ್ಟರು! ನನಗೆ ನಾಚಿಕೆ. ಮ್ಯಾನೇಜರು ಒಂದು ಕ್ಷಣ ಗಲಿಬಿಲಿಯಾದರು, ಆಮೇಲೆ ಮುಖ ಅರಳಿತು. ಅವರೂ ರೈತರ ಮಗನೇ ಇರಬೇಕು. ದನದ ಸಂತೆಯಲ್ಲಿ ದರ ಹೇಳೋ ಹಂಗೆ ಟವೆಲ್ ಒಳಗೆ ಬೆರಳು ಹಿಡಿಯೋದು, ಬಿಡೋದು, ತಲೆ ಆಡಿಸೋದು. ಮಾವ ಒಂದು ಸಲ ಕೈ ಕೊಡವಿ ಬಾಗಿಲ ತನಕ ನಡೆದು ವಾಪಸ್ ಬಂದರು. ಕಡೆಗೆ ಟವೆಲ್ ಎತ್ತಿದಾಗ ಎರಡೂವರೆ ಸಾವಿರ ಇಳಿದಿತ್ತು. ಒಟ್ಟು 1,02,000.

ಬಿಲ್ಲು ಪ್ರಿಂಟಾಗಿ ಬಂತು. ಓದಿ ಹೇಳು ಅಂದರು, ಓದಿದೆ. 'ವಿಶೇಷ ರಿಯಾಯಿತಿ: 2,500' ಅನ್ನೋ ಸಾಲು ಬಂದಾಗ ಮಾವ ಸಿಟ್ಟಾದರು.

"ಯಾರಿಗೂ ಗೊತ್ತಾಗಬಾರದು ಅಂತ ಟವೆಲ್ ಹಾಕಿದ್ರೆ, ಇವರು ಅಚ್ಚು ಹಾಕಿ ಕೊಡ್ತಾರಲ್ಲೋ!"