"ಮರಿಗಳನ್ನ ಎತ್ಕೊಳ್ಳೋಕೆ ಬಿಡ್ತಾರಾ?": ಎಲ್ರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಪ್ರೈಮೇಟ್ ಸ್ಯಾಂಕ್ಚುರಿಯಲ್ಲಿ ವಾಲಂಟಿಯರ್ ಆಗಿ ಕೆಲಸ ಮಾಡ್ತೀನಿ, ಅಂದ್ರೆ ಕೋತಿ, ಚಿಂಪಾಂಜಿ ಥರದ ಪ್ರಾಣಿಗಳಿಗೆ ಆಶ್ರಯ ಕೊಡೋ ಜಾಗದಲ್ಲಿ, ಅಂತ ಹೇಳಿದ ತಕ್ಷಣ ಎದುರಿಗಿರೋರ ಮುಖ ಅರಳತ್ತೆ, ಮುಂದಿನ ಪ್ರಶ್ನೆ ಏನು ಅಂತ ನನಗೆ ಆಗ್ಲೇ ಗೊತ್ತಾಗಿರತ್ತೆ. "ಮರಿಗಳನ್ನ ಎತ್ಕೊಳ್ಳೋಕೆ ಬಿಡ್ತಾರಾ?" ಇಲ್ಲ, ಬಿಡಲ್ಲ. ಬಿಡಬಾರದು ಕೂಡ. ಇಷ್ಟು ಹೇಳಿದ್ರೆ ಕೇಳಿದೋರಿಗೆ ನಿರಾಸೆ ಆಗತ್ತೆ, ಅವ್ರ ಮೇಲೆ ನನಗೇನೂ ಬೇಜಾರಿಲ್ಲ, ಆ ಪುಟ್ಟ ಬೆರಳು, ಮುಖ ತುಂಬೋ ಕಣ್ಣು ನೋಡಿದ್ರೆ ಯಾರಿಗಾದ್ರೂ ಎತ್ಕೋಬೇಕು ಅನ್ಸೋದು ಸಹಜಾನೇ. ಆದ್ರೆ ಆ ಮರಿಗಳಲ್ಲಿ ಎಷ್ಟೋ ಅಲ್ಲಿಗೆ ಬಂದು ಸೇರಿರೋದಕ್ಕೆ ಕಾರಣಾನೂ ಇದೇ ಆಸೆ. ಅದಕ್ಕೇ ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ.

ಮೊದಲು ಇವೆಲ್ಲ ಎಲ್ಲಿಂದ ಬರ್ತವೆ ಅಂತ ಹೇಳ್ತೀನಿ. ಯಾರೋ ಮುದ್ದಿಗೆ ಅಂತ ಮನೇಲಿ ಸಾಕಿ, ಪ್ರಾಯಕ್ಕೆ ಬಂದು ಕಚ್ಚೋಕೆ ಶುರು ಮಾಡ್ದಾಗ ಕೈಬಿಟ್ಟಿದ್ದು, ಸರ್ಕಸ್ಸಲ್ಲಿ ಕುಣಿಸಿದ್ದು, ಲ್ಯಾಬಲ್ಲಿ ವರ್ಷಗಟ್ಟಲೆ ಪಂಜರದಲ್ಲಿ ಇದ್ದಿದ್ದು, ಟೂರಿಸ್ಟ್‌ಗಳ ಹೆಗಲ ಮೇಲೆ ಕೂರಿಸಿ ಫೋಟೋಗೆ ದುಡ್ಡು ವಸೂಲಿ ಮಾಡೋಕೆ ಬಳಸಿದ್ದು. ಆಫ್ರಿಕಾದ ಕೇಂದ್ರಗಳಿಗೆ ಬರೋ ಚಿಂಪಾಂಜಿ, ಬೊನೊಬೊ (ಚಿಂಪಾಂಜಿಗೆ ಹತ್ತಿರದ ಇನ್ನೊಂದು ವಾನರ) ಮರಿಗಳಲ್ಲಿ ಹೆಚ್ಚಿನವು ಮಾಂಸಕ್ಕಾಗಿ ಮಾಡೋ ಬೇಟೆಯಲ್ಲಿ ತಾಯಿ ಕಳ್ಕೊಂಡವು. ಚಿಂಪಾಂಜಿ ತಾಯಿ ನಾಲ್ಕೈದು ವರ್ಷ ಹಾಲು ಕುಡಿಸ್ತಾಳೆ, ಅಷ್ಟು ಕಾಲ ಮರಿ ಅವಳ ಮೈಗೆ ಅಂಟ್ಕೊಂಡೇ ಬೆಳೆಯತ್ತೆ, ಅಂಥ ಮರಿಯನ್ನ ಕಿತ್ಕೊಂಡು ಬರಬೇಕು ಅಂದ್ರೆ ತಾಯಿಯನ್ನ ಕೊಂದೇ ತರಬೇಕು, ಅಡ್ಡ ಬಂದ ಗುಂಪಿನೋರೂ ಸಾಯ್ತಾರೆ. ಮಾರ್ಕೆಟ್ಟಲ್ಲಿ ಒಂದು ಮರಿ ಕಾಣಿಸ್ತು ಅಂದ್ರೆ ಅದರ ಹಿಂದೆ ಹೆಣಗಳಿವೆ ಅಂತಾನೇ ಅರ್ಥ.

"ಸರಿ, ತಾಯಿ ಇಲ್ಲದ ಮರಿಗೆ ಅಪ್ಪುಗೆ ಬೇಡ್ವಾ?" ಅಂತ ಕೆಲವರು ತಿರುಗಿ ಕೇಳ್ತಾರೆ, ತುಂಬಾ ಒಳ್ಳೆ ಪ್ರಶ್ನೆ ಇದು. ಬೇಕೇ ಬೇಕು. 1950ರ ದಶಕದಲ್ಲಿ ಹ್ಯಾರಿ ಹಾರ್ಲೋ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ರೀಸಸ್ ಕೋತಿ ಮರಿಗಳನ್ನ ತಾಯಿಯಿಂದ ಬೇರೆ ಮಾಡಿ, ಹಾಲಿನ ಬಾಟಲಿ ಇರೋ ತಂತಿ ಗೊಂಬೆ ಒಂದು, ಬಟ್ಟೆ ಸುತ್ತಿದ ಗೊಂಬೆ ಒಂದು ಇಟ್ಟು ನೋಡಿದ್ರು, ಮರಿಗಳು ಹಾಲು ಕುಡಿಯೋಕೆ ಮಾತ್ರ ತಂತಿ ಗೊಂಬೆ ಹತ್ರ ಹೋಗಿ ಉಳಿದ ಹೊತ್ತೆಲ್ಲ ಬಟ್ಟೆ ಗೊಂಬೆ ತಬ್ಕೊಂಡೇ ಇರ್ತಿದ್ವು. ಕ್ರೂರ ಪ್ರಯೋಗ, ಓದಿದಾಗೆಲ್ಲ ನನಗೆ ಸಂಕಟ ಆಗತ್ತೆ. ಆದ್ರೆ ಆ ಅಪ್ಪುಗೆ ಯಾರದ್ದು ಅನ್ನೋದು ಮುಖ್ಯ. ಕಾಂಗೋದ ಕಿನ್ಶಾಸಾ ಹತ್ರ ಲೋಲಾ ಯಾ ಬೊನೊಬೊ ಅಂತ ಕೇಂದ್ರ ಇದೆ, 1994ರಲ್ಲಿ ಕ್ಲೋದಿನ್ ಆಂದ್ರೆ ಅನ್ನೋರು ಶುರು ಮಾಡಿದ್ದು, ಅಲ್ಲಿ ಅನಾಥ ಬೊನೊಬೊ ಮರಿಗಳನ್ನ ನೋಡ್ಕೊಳ್ಳೋಕೆ ಅಂತಾನೇ ಸ್ಥಳೀಯ ಹೆಂಗಸರು ಇದಾರೆ, ಎಲ್ರೂ ಅವರನ್ನ ಮಾಮಾ, ಅಂದ್ರೆ ಅಮ್ಮ, ಅಂತ ಕರೀತಾರೆ, ಮರಿಗೆ ಹಾಲು ಕುಡಿಸೋದು, ಸೊಂಟದ ಮೇಲೆ ಹೊತ್ಕೊಂಡು ಓಡಾಡೋದು, ಎಲ್ಲ ಅವರೇ. ಅವರು ನಾಳೆನೂ ಇರ್ತಾರೆ, ಮುಂದಿನ ವರ್ಷಾನೂ ಇರ್ತಾರೆ. ದೊಡ್ಡವಾದ ಮೇಲೆ ಮರಿಗಳು ಬೊನೊಬೊಗಳ ಗುಂಪಿಗೆ ಸೇರ್ತವೆ, 2009ರಲ್ಲಿ ಕೆಲವನ್ನ ಕಾಡಿಗೂ ವಾಪಸ್ ಬಿಟ್ರು. ಸ್ವಲ್ಪ ಕಾಲಕ್ಕೆ ಬಂದು ಹೋಗೋ ನನ್ನಂಥೋರು ಅದೇ ಮರಿಯನ್ನ ಎದೆಗಪ್ಕೊಂಡು, ಅದು ನಮ್ಮನ್ನ ಹಚ್ಕೊಂಡ ಮೇಲೆ ಬ್ಯಾಗ್ ಹಾಕ್ಕೊಂಡು ಹೊರಟ್ರೆ ಅದು ಎರಡನೇ ಸಲ ತಾಯಿ ಕಳ್ಕೊಂಡ ಹಾಗೆ, ನಮ್ಮ ಜಾಗಕ್ಕೆ ಮುಂದಿನ ಬ್ಯಾಚ್ ಬಂದು ಹೋದ್ರೆ ಮೂರನೇ ಸಲ.

ಇನ್ನು ರೋಗದ ವಿಷಯ. ಇದನ್ನ ಜನ ಒಂದೇ ಕಡೆಯಿಂದ ಯೋಚಿಸ್ತಾರೆ, ಕೋತಿಯಿಂದ ನಮಗೇನು ಬರತ್ತೆ ಅಂತ. ನಮ್ಮಿಂದ ಅವಕ್ಕೆ ಹೋಗೋದು ಅದಕ್ಕಿಂತ ಭಯಂಕರ. ಉಗಾಂಡದ ಕಿಬಾಲೆ ಕಾಡಲ್ಲಿ 2013ರಲ್ಲಿ 56 ಚಿಂಪಾಂಜಿಗಳಿದ್ದ ಗುಂಪಿನಲ್ಲಿ ಉಸಿರಾಟದ ಸೋಂಕು ಹಬ್ಬಿ 5 ಸತ್ವು, ಕಾರಣ ರೈನೋವೈರಸ್ ಸಿ, ಅಂದ್ರೆ ನಮಗೆ ಬರೋ ನೆಗಡಿ ವೈರಸ್ಸಿನ ಜಾತಿಗೆ ಸೇರಿದ್ದು. ಅದಕ್ಕೇ ಕೆಲಸಕ್ಕೆ ಸೇರೋಕೆ ಮುಂಚೆ ಟಿಬಿ ಟೆಸ್ಟ್, ದಡಾರ ಮತ್ತೆ ಹೆಪಟೈಟಿಸ್ ಲಸಿಕೆ ಎಲ್ಲ ಆಗಿದೆಯಾ ಅಂತ ಕೇಳ್ತಾರೆ, ಒಳಗೆ ಹೋಗುವಾಗ ಬೂಟು ಔಷಧಿ ನೀರಲ್ಲಿ ಅದ್ದಬೇಕು, ಮಾಸ್ಕು ಗ್ಲೌಸು ಕಡ್ಡಾಯ, ಗಂಟಲು ಕೆರೆತ ಶುರುವಾದ್ರೂ ಅವತ್ತು ಪ್ರಾಣಿಗಳ ಹತ್ರ ಹೋಗೋ ಹಾಗಿಲ್ಲ. ಇನ್ನು ಅವುಗಳಿಂದ ನಮಗೆ ಬರೋದು ಅಂದ್ರೆ, ರೀಸಸ್ ಥರದ ಮಕಾಕ್ ಜಾತಿಯ ಕೋತಿಗಳಲ್ಲಿ ಹರ್ಪಿಸ್ ಬಿ ಅಂತ ಒಂದು ವೈರಸ್ ಇರತ್ತೆ, ಅವಕ್ಕೆ ಹೆಚ್ಚೇನೂ ಆಗಲ್ಲ, ಮನುಷ್ಯರಿಗೆ ತಗಲೋದು ಅಪರೂಪ, ತಗಲಿದ್ರೆ ಮಾತ್ರ ಮೆದುಳಿಗೆ ಏರತ್ತೆ. 1997ರಲ್ಲಿ ಅಮೆರಿಕದ ಒಂದು ಸಂಶೋಧನಾ ಕೇಂದ್ರದಲ್ಲಿ 22 ವರ್ಷದ ಹುಡುಗಿಯೊಬ್ಬಳು ಕೋತಿಯಿಂದ ಕಣ್ಣಿಗೆ ಏನೋ ಸಿಡಿದು, ಕೆಲವೇ ವಾರಗಳಲ್ಲಿ ತೀರ್ಕೊಂಡಳು. ಕಚ್ಚಿರ್ಲಿಲ್ಲ, ಪರಚಿರ್ಲಿಲ್ಲ. ಆಮೇಲಿಂದ ಕಣ್ಣಿಗೆ ರಕ್ಷಣೆಯ ಕನ್ನಡಕ ಇಲ್ಲದೆ ಕೆಲಸ ಮಾಡಬಾರದು ಅನ್ನೋ ನಿಯಮ ಇನ್ನೂ ಬಿಗಿಯಾಯ್ತು.

ಹಾಗಾದ್ರೆ ದಿನಾ ಏನ್ಮಾಡ್ತೀರಿ ಅಂತೀರಾ? ತೊಳೀತೀವಿ. ನಿಜವಾಗ್ಲೂ ಬೆಳಗಿನ ಹೊತ್ತು ಪೂರ್ತಿ ಅದೇ. ಪ್ರಾಣಿಗಳನ್ನ ಪಕ್ಕದ ಎನ್‌ಕ್ಲೋಶರ್‌ಗೆ ಶಿಫ್ಟ್ ಮಾಡಿ, ತಲೆ ಎಣಿಸಿ, ಬೀಗ ಹಾಕಿ, ಆ ಬೀಗವನ್ನ ಇನ್ನೊಬ್ಬರು ಬಂದು ಎಳೆದು ನೋಡಿ ಹೂಂ ಅಂದ ಮೇಲೇ ನಾವು ಖಾಲಿ ಜಾಗಕ್ಕೆ ಕಾಲಿಡೋದು. ಸಗಣಿ ಹೆರೆಯೋದು, ಹಳೇ ಹುಲ್ಲು ಗೋರೋದು, ಪೈಪ್ ಹಿಡಿದು ತೊಳೆಯೋದು, ನೀರು ಬದಲಾಯಿಸೋದು. ಆಮೇಲೆ ಅಡುಗೆಮನೆ. ಅಲ್ಲಿ ಬಾಳೆಹಣ್ಣಿನ ರಾಶಿ ಇರತ್ತೆ ಅನ್ಕೊಂಡು ಬಂದೋರಿಗೆ ಸೊಪ್ಪು, ತರಕಾರಿ ಕಂಡು ಆಶ್ಚರ್ಯ ಆಗತ್ತೆ. ನಾವು ಬೆಳೆಯೋ ಹಣ್ಣಲ್ಲಿ ಕಾಡು ಹಣ್ಣಿಗಿಂತ ಸಕ್ಕರೆ ಜಾಸ್ತಿ, ನಾರು ಕಮ್ಮಿ, ಹಲ್ಲು ಹಾಳಾಗತ್ತೆ, ಸಕ್ಕರೆ ಕಾಯಿಲೆ ಬರಬಹುದು. ಇಂಗ್ಲೆಂಡಿನ ಪೇಂಟನ್ ಝೂ ಅಂತೂ ಕೋತಿಗಳಿಗೆ ಬಾಳೆಹಣ್ಣು ಕೊಡೋದನ್ನ ನಿಲ್ಲಿಸಿದ್ದು 2014ರಲ್ಲಿ ಸುದ್ದಿನೇ ಆಗಿತ್ತು.

ನನಗೆ ತುಂಬಾ ಇಷ್ಟದ ಕೆಲಸ ಮಧ್ಯಾಹ್ನದ್ದು, ಎನ್‌ರಿಚ್‌ಮೆಂಟ್ ಅಂತಾರೆ, ಅಂದ್ರೆ ಪ್ರಾಣಿಯ ತಲೆಗೆ, ಕೈಗೆ ಕೆಲಸ ಕೊಡೋದು. ಕಾಡಲ್ಲಿ ಅವು ದಿನದ ಬಹುಪಾಲು ಆಹಾರ ಹುಡುಕೋದರಲ್ಲೇ ಕಳೀತವೆ, ಇಲ್ಲಿ ತಟ್ಟೆಗೆ ಹಾಕಿಕೊಟ್ರೆ ಹತ್ತು ನಿಮಿಷಕ್ಕೆ ಮುಗಿದು ಉಳಿದ ಹೊತ್ತೆಲ್ಲ ಖಾಲಿ, ಆ ಖಾಲಿತನದಲ್ಲೇ ತೂಗಾಡೋದು, ಅದೇ ದಾರೀಲಿ ಹಿಂದೆ ಮುಂದೆ ನಡೆಯೋದು, ತನ್ನ ಕೂದಲು ತಾನೇ ಕಿತ್ಕೊಳ್ಳೋದು ಶುರುವಾಗತ್ತೆ. ದಪ್ಪ ಪೈಪಿನ ತುಂಡಿಗೆ ತೂತು ಕೊರೆದು, ಒಳಗೆ ಹುಲ್ಲು ತುರುಕಿ, ಹುಲ್ಲಿನ ನಡುವೆ ಕಾಳು ಬೆರೆಸಿ, ಎರಡೂ ತುದಿ ಮುಚ್ಚಿ ಎತ್ತರಕ್ಕೆ ಕಟ್ತೀವಿ. ಒಂದು ಮುದಿ ಕೋತಿ ಅದರ ಮುಂದೆ ಕೂತ್ಕೊಂಡು ತೋರುಬೆರಳು ಒಳಗೆ ಹಾಕಿ, ಎಳೆ ಎಳೆಯಾಗಿ ಹುಲ್ಲು ಹೊರಗೆಳೆದು, ಮೂಸಿ, ಕಾಳು ಸಿಕ್ಕಿದ್ರೆ ತುಟಿಗೆ ಇಟ್ಕೊಂಡು, ಸಿಗದಿದ್ರೆ ಮತ್ತೆ ಬೆರಳು ಹಾಕಿ, ಅರ್ಧ ದಿನ ಅಲ್ಲೇ ಮಗ್ನವಾಗಿ ಇರೋದನ್ನ ನೋಡ್ಬೇಕು. ಅಷ್ಟು ಹೊತ್ತು ಅದು ನಮ್ಮ ಕಡೆ ತಿರುಗಿಯೂ ನೋಡಲ್ಲ, ಆಗ ನನಗಾಗೋ ಸಂತೋಷ ಯಾವ ಮರಿಯನ್ನ ಎತ್ಕೊಂಡ್ರೂ ಸಿಗಲ್ಲ.

ಯಾಕೆ ಅಂತ ಹೇಳೋಕೆ ಇನ್ನೊಂದು ಹೆಣ್ಣು ಕೋತಿ ಬಗ್ಗೆ ಹೇಳ್ತೀನಿ. ಮರಿಯಿಂದ ಮನೆಯೊಂದರಲ್ಲಿ ಸಾಕಿದ ರೀಸಸ್ ಅದು, ಬಟ್ಟೆ ತೊಡಿಸಿ ಮಗು ಥರ ಬೆಳೆಸಿದ್ರು. ಇಲ್ಲಿಗೆ ಬಂದಾಗ ಮನುಷ್ಯರು ಕಂಡ್ರೆ ಜಾಲರಿಗೆ ಓಡಿಬಂದು ಕೈ ಚಾಚೋದು, ತನ್ನ ಜಾತಿಯವು ಹತ್ರ ಬಂದ್ರೆ ಮೂಲೆ ಸೇರೋದು. ಪಕ್ಕದ ಹೆಣ್ಣೊಂದು ತುಟಿ ಪಟಪಟ ಅನ್ನಿಸ್ತಾ ಬರ್ತಿತ್ತು, ಕೋತಿಗಳಲ್ಲಿ ಅದು ಸ್ನೇಹದ ಸೂಚನೆ, ಇದಕ್ಕೆ ಅದರ ಅರ್ಥವೇ ಗೊತ್ತಿರ್ಲಿಲ್ಲ, ದಿಟ್ಟಿಸಿ ನೋಡೋದು, ದಿಟ್ಟಿಸಿದ್ರೆ ಜಗಳಕ್ಕೆ ಕರೆದ ಹಾಗೆ, ಏಟು ತಿನ್ನೋದು. ಕೀಪರ್‌ಗಳು ನಮಗೆಲ್ಲ ಹೇಳಿಬಿಟ್ರು, ಅದು ಕೈ ಚಾಚಿದಾಗ ನಿಲ್ಲಬೇಡಿ, ಮಾತಾಡಿಸಬೇಡಿ, ನಿಮ್ಮ ಕೆಲಸ ಮಾಡ್ಕೊಂಡು ಹೋಗ್ತಿರಿ ಅಂತ. ಆ ಚಾಚಿದ ಕೈ ದಾಟ್ಕೊಂಡು ಹೋಗೋದು ಎಷ್ಟು ಕಷ್ಟ ಅಂತ ಹೇಳೋಕಾಗಲ್ಲ. ತಿಂಗಳುಗಳು ಹಿಡೀತು. ಮೊದಲು ಜಾಲರಿ ಆಚೆ ಈಚೆ ಕೂತು ಊಟ, ಆಮೇಲೆ ಒಂದೇ ಎನ್‌ಕ್ಲೋಶರಲ್ಲಿ ಸ್ವಲ್ಪ ಹೊತ್ತು, ಆಮೇಲೆ ಇಡೀ ದಿನ. ಅದೇ ಪಕ್ಕದ ಹೆಣ್ಣಿಗೆ ಬೆನ್ನು ಕೊಟ್ಟು ಕೂತು, ಕಣ್ಣು ಅರ್ಧ ಮುಚ್ಕೊಂಡು ಹೇನು ಹೆಕ್ಕಿಸ್ಕೊಳ್ತಿದ್ದ ದಿನ ನಾನು ಬಕೆಟ್ ಹಿಡ್ಕೊಂಡು ಪಕ್ಕದಲ್ಲೇ ಹೋದೆ, ಅದು ಎದ್ದು ಬರ್ಲಿಲ್ಲ. ನಾವು ಆಸೆಪಟ್ಟು ದಿನಾ ಕೈ ಕೊಟ್ಟಿದ್ರೆ ಅದು ಇವತ್ತಿಗೂ ಜಾಲರಿ ಹತ್ರಾನೇ ಇರ್ತಿತ್ತು.

ಫೋಟೋ ಬಗ್ಗೆನೂ ಹೇಳ್ಲೇಬೇಕು. ಚಿಂಪಾಂಜಿ ಪಕ್ಕದಲ್ಲಿ ಮನುಷ್ಯರು ನಿಂತಿರೋ ಚಿತ್ರ ನೋಡಿದೋರು, ಕಾಡಲ್ಲಿ ಚಿಂಪಾಂಜಿಗಳು ಚೆನ್ನಾಗೇ ಇವೆ ಅಂತ ಅಂದ್ಕೊಳ್ಳೋ ಸಾಧ್ಯತೆ ಜಾಸ್ತಿ ಅಂತ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸ್ತು, ಆದ್ರೆ ನಿಜಕ್ಕೂ ಚಿಂಪಾಂಜಿ ಅಳಿವಿನಂಚಿನ ಪ್ರಾಣಿ. ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಪ್ರೈಮೇಟ್ ತಜ್ಞರು 2021ರಲ್ಲಿ ಇದಕ್ಕೆ ಅಂತಾನೇ ಮಾರ್ಗಸೂಚಿ ತಂದ್ರು, ಮನುಷ್ಯರು ಜೊತೆಗಿರೋ ಫೋಟೋ ಹಾಕೋದೇ ಆದ್ರೆ ಕನಿಷ್ಠ 7 ಮೀಟರ್ ದೂರ ಇರಬೇಕು, ಮಾಸ್ಕ್ ಹಾಕಿರಬೇಕು ಅಂತ. ನೀವು ಎಷ್ಟೇ ಒಳ್ಳೆ ಮನಸ್ಸಿಂದ ಹಾಕಿದ್ರೂ ಫೋಟೋ ಶೇರ್ ಆಗ್ತಾ ಆಗ್ತಾ ಕೆಳಗಿನ ಬರಹ ಉದುರಿಹೋಗತ್ತೆ, ಚಿತ್ರ ಮಾತ್ರ ಉಳಿಯತ್ತೆ, ನೋಡಿದೋರಿಗೆ ನನಗೂ ಒಂದು ಬೇಕು ಅನ್ಸತ್ತೆ.

ಇಷ್ಟೆಲ್ಲ ಓದಿದ ಮೇಲೂ ಹೋಗ್ಬೇಕು ಅನ್ನೋರಿಗೆ, ದಯವಿಟ್ಟು ಹೋಗಿ, ಕೈಗಳು ಯಾವಾಗ್ಲೂ ಸಾಲಲ್ಲ. ಆದ್ರೆ ಜಾಗ ನೋಡಿ ಹೋಗಿ. ಮರಿ ಹಿಡ್ಕೊಂಡ ವಾಲಂಟಿಯರ್‌ಗಳ ಫೋಟೋ ಹಾಕಿ ಜನ ಕರೆಯೋ ಕಡೆ ಬೇಡ. ಇಲ್ಲಿ ಮರಿ ಹಾಕಿಸ್ತೀರಾ ಅಂತ ಕೇಳಿ, ಕಾಡಿಗೆ ಬಿಡೋ ಯೋಜನೆ ಇಲ್ಲದ ನಿಜವಾದ ಸ್ಯಾಂಕ್ಚುರಿ ಸಂತಾನ ತಡೆಯತ್ತೆ, ಯಾಕಂದ್ರೆ ಒಂದು ಚಿಂಪಾಂಜಿ 50 ವರ್ಷ ದಾಟಿಯೂ ಬದುಕಬಹುದು, ಅಷ್ಟು ವರ್ಷದ ಹೊಣೆ ಅದು. ವರ್ಷ ಪೂರ್ತಿ ಪುಟ್ಟ ಮರಿಗಳೇ ಇದ್ರೆ ಎಲ್ಲಿಂದ ಬರ್ತವೆ, ದೊಡ್ಡವಾದ್ಮೇಲೆ ಎಲ್ಲಿ ಹೋಗ್ತವೆ ಅಂತ ಕೇಳಿ. ಆಫ್ರಿಕಾದ್ದಾದ್ರೆ 2000ದಲ್ಲಿ ಶುರುವಾದ ಪಾಸಾ (ಅಲ್ಲಿನ ಪ್ರೈಮೇಟ್ ಸ್ಯಾಂಕ್ಚುರಿಗಳ ಒಕ್ಕೂಟ) ಸದಸ್ಯತ್ವ ಇದೆಯಾ, ಬೇರೆ ಕಡೆಯದ್ದಾದ್ರೆ ಸ್ಯಾಂಕ್ಚುರಿಗಳನ್ನ ಪರಿಶೀಲಿಸೋ ಜಾಗತಿಕ ಸಂಸ್ಥೆ ಜಿಎಫ್‌ಎಎಸ್‌ನ ಮಾನ್ಯತೆ ಇದೆಯಾ ನೋಡಿ. ಅರ್ಜಿಯಲ್ಲಿ ಪ್ರಾಣಿ ಅಂದ್ರೆ ನನಗೆ ಪ್ರಾಣ ಅಂತ ಎಲ್ರೂ ಬರೀತಾರೆ, ನೀವು ನಿಮಗೆ ಬರೋ ಕೆಲಸ ಬರೀರಿ. ವೆಲ್ಡಿಂಗ್, ಮರಗೆಲಸ, ಪ್ಲಂಬಿಂಗ್, ಲೆಕ್ಕಪತ್ರ, ಗಾಡಿ ರಿಪೇರಿ, ಯಾವುದಾದ್ರೂ ಸರಿ, ಎಷ್ಟು ತಿಂಗಳು ಇರೋಕಾಗತ್ತೆ ಅನ್ನೋದನ್ನೂ ಜೊತೆಗೇ ಬರೀರಿ, ಅವರು ಮೊದಲು ಹುಡುಕೋದು ಅದನ್ನೇ.