ಹಳದಿ ಹಗ್ಗ ಎಳೆದ ದಿನ

ನಮಗೆ ಟೊಪಾಲಜಿ (ಹಿಗ್ಗಿಸಿ ಬಗ್ಗಿಸಿದರೂ ಬದಲಾಗದ ಆಕಾರಗುಣಗಳ ಗಣಿತ) ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದ ವಾರವೇ ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದರು. 1983ರಿಂದ 1985ರವರೆಗೆ ಈ ವಿಭಾಗದಲ್ಲಿ ಎಂ.ಎಸ್ಸಿ. ಓದಿದ ನನಗೆ ಅಂದಿನ ಪರೀಕ್ಷಾ ಪತ್ರಿಕೆಗಳಲ್ಲಿ ಬಹುಪಾಲಿನ ಹೆಸರುಗಳೂ ಈಗ ನೆನಪಿಲ್ಲ. ಚೆನ್ನಾಗಿ ನೆನಪಿರುವುದು ಪಠ್ಯಕ್ರಮದಲ್ಲೇ ಇಲ್ಲದಿದ್ದ ಒಂದು ವಿಷಯ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ, ಹಾಜರಿ ಪುಸ್ತಕದ ಹಂಗಿಲ್ಲದೆ, ಮಹಡಿಯ ಮೂಲೆಯ ಕೊಠಡಿಯಲ್ಲಿ ಹನ್ನೊಂದು ಜನ ವಿದ್ಯಾರ್ಥಿಗಳಿಗೆ ಅವರು ಹೇಳಿಕೊಟ್ಟ ಸಿಂಪ್ಲೀಷಿಯಲ್ ಗ್ರೂಪ್‌ಗಳ ಪಾಠ ಅದು.

ಮೇಷ್ಟ್ರು ವ್ಯಾಖ್ಯೆಯಿಂದ ಎಂದೂ ಪಾಠ ಆರಂಭಿಸಿದವರಲ್ಲ. ಬಿಂದು, ರೇಖಾಖಂಡ, ತ್ರಿಭುಜ, ಚತುಷ್ಫಲಕ ಎಂದು ಕರಿಹಲಗೆಯ ಮೇಲೆ ಒಂದೊಂದಾಗಿ ಬರೆದು, ಇವನ್ನೇ ಇಟ್ಟಿಗೆಗಳಾಗಿಸಿ ಯಾವ ಆಕಾರವನ್ನು ಬೇಕಾದರೂ ಕಟ್ಟಬಹುದು, ಯಾವ ಇಟ್ಟಿಗೆಯ ಯಾವ ಮುಖ ಯಾವುದಕ್ಕೆ ಅಂಟಿದೆ ಎಂಬ ಲೆಕ್ಕವೊಂದನ್ನು ಸರಿಯಾಗಿ ಇಟ್ಟುಕೊಂಡರೆ ಸಾಕು ಎಂದು ಹೇಳುತ್ತಿದ್ದರು. ಆ ಲೆಕ್ಕದ ಪುಸ್ತಕವೇ 1950ರಲ್ಲಿ ಐಲೆನ್‌ಬರ್ಗ್ ಮತ್ತು ಜಿಲ್ಬರ್ ರೂಪಿಸಿಕೊಟ್ಟ ಸಿಂಪ್ಲೀಷಿಯಲ್ ಸೆಟ್. ಅದರಲ್ಲಿ ಪ್ರತಿ ಆಯಾಮಕ್ಕೂ ಒಂದು ಪಟ್ಟಿ ಇರುತ್ತದೆ. ಒಂದು ಪಟ್ಟಿಯಿಂದ ಕೆಳಗಿನ ಪಟ್ಟಿಗೆ ಇಳಿಯುವ ಮುಖ ನಕ್ಷೆಗಳೂ, ಮೇಲಿನ ಪಟ್ಟಿಗೆ ಏರಿಸುವ ಪುನರಾವರ್ತನ ನಕ್ಷೆಗಳೂ ಇರುತ್ತವೆ. ಪ್ರತಿಯೊಂದು ಪಟ್ಟಿಯೂ ಒಂದು ಗ್ರೂಪ್ (ಅಂಶಗಳನ್ನು ಗುಣಿಸಲೂ, ವಿಲೋಮದಿಂದ ಆ ಗುಣಾಕಾರವನ್ನು ರದ್ದುಮಾಡಲೂ ಬರುವ ಕೂಟ) ಆಗಿದ್ದು, ಏರಿಳಿಯುವ ನಕ್ಷೆಗಳೆಲ್ಲ ಗುಣಾಕಾರವನ್ನು ಕಾಪಾಡುವುದಾದರೆ ಅದು ಸಿಂಪ್ಲೀಷಿಯಲ್ ಗ್ರೂಪ್. ಇಷ್ಟು ಹೇಳಿ ಅವರು ಒಂದು ತ್ರಿಭುಜದ ಎರಡು ಭುಜಗಳನ್ನು ಮಾತ್ರ ಎಳೆದು ನಿಲ್ಲುತ್ತಿದ್ದರು. ಇದಕ್ಕೆ ಮೂರನೆಯ ಭುಜವೂ ಒಳಮೈಯೂ ಸಿಕ್ಕೀತೇ ಎಂಬುದು ಅವರ ಪ್ರಶ್ನೆ. ಸಾಮಾನ್ಯ ಸಿಂಪ್ಲೀಷಿಯಲ್ ಸೆಟ್‌ನಲ್ಲಿ ಸಿಗಬೇಕೆಂದೇನಿಲ್ಲ, ಆದರೆ ಗ್ರೂಪ್ ಇದ್ದಲ್ಲಿ ಯಾವ ಆಯಾಮದಲ್ಲೇ ಆಗಲಿ, ಒಂದು ಮುಖ ಬಿಟ್ಟುಹೋದ ಪೆಟ್ಟಿಗೆಗೆ ಮುಚ್ಚಳ ಸಿಕ್ಕೇ ಸಿಗುತ್ತದೆ. ಮುಚ್ಚಳ ಇದೆಯೆಂದು ಹೇಳಿ ಸುಮ್ಮನಾಗದೆ, ಗುಣಾಕಾರ ಮತ್ತು ವಿಲೋಮಗಳಿಂದ ಅದನ್ನು ಬರೆದೇ ತೋರಿಸಬಹುದು. ಜಾನ್ ಮೂರ್ 1950ರ ದಶಕದ ನಡುವಿನಲ್ಲಿ ಸಾಧಿಸಿದ ಈ ಪ್ರಮೇಯವನ್ನು ಮೇಷ್ಟ್ರು ನಮ್ಮ ಕೈಯಿಂದಲೇ, ಎರಡು ಶನಿವಾರ ಹಿಡಿದು, ಸಾಧಿಸಿಸಿದರು.

ಅದಾದ ಮೇಲೆ ಡೇನಿಯಲ್ ಕಾನ್ ಅವರ ಸರದಿ ಬಂತು. 1927ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಹುಟ್ಟಿ, ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಕಾನ್, 1958ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಒಂದು ಅಪೂರ್ವ ಕೆಲಸ ಮಾಡಿದ್ದರು. ಒಂದೇ ತುಂಡಾಗಿರುವ ಯಾವುದೇ ಆಕಾರವನ್ನು ಕೊಟ್ಟರೆ, ಅದರ ಮೇಲೆ ಒಂದು ಬಿಂದುವಿನಿಂದ ಹೊರಟು ಅದೇ ಬಿಂದುವಿಗೆ ಮರಳುವ ಸುತ್ತುಗಳೆಲ್ಲ ಸೇರಿದ ಲೂಪ್ ಸ್ಪೇಸ್ ಎಂಬ ದೊಡ್ಡ ಲೋಕವನ್ನು, ಪ್ರತಿ ಪಟ್ಟಿಯೂ ಫ್ರೀ ಗ್ರೂಪ್ (ಅಕ್ಷರವೂ ಅದರ ವಿಲೋಮವೂ ಪಕ್ಕಪಕ್ಕ ಬಂದರೆ ಅಳಿಯುತ್ತವೆ ಎಂಬುದೊಂದೇ ನಿಯಮವಿರುವ ಪದಗಳ ಗ್ರೂಪ್) ಆಗಿರುವ ಒಂದು ಸಿಂಪ್ಲೀಷಿಯಲ್ ಗ್ರೂಪ್ ಆಗಿ ಅವರು ಬರೆದುಕೊಟ್ಟರು. ಬೇರೆ ಬೇರೆ ಆಯಾಮದ ಗೋಲಗಳನ್ನು ಒಂದು ಆಕಾರದೊಳಗೆ ಎಷ್ಟು ಬಗೆಯಲ್ಲಿ ಸುತ್ತಬಹುದೆಂದು ಹೇಳುವ ಹೊಮೊಟೊಪಿ ಗ್ರೂಪ್‌ಗಳನ್ನು ಹುಡುಕುವ ಕಷ್ಟದ ಕೆಲಸ ಇದರಿಂದ ಅಕ್ಷರಗಳನ್ನು ಜೋಡಿಸಿ ಅಳಿಸುವ ಕೆಲಸವಾಗಿ ಬದಲಾಯಿತು. ಅದು ಸುಲಭವಾಯಿತೆಂದು ಮೇಷ್ಟ್ರು ಎಂದೂ ಹೇಳಲಿಲ್ಲ. ಅಕ್ಷರ ಬಲ್ಲವರು ಯಾರಾದರೂ ಆರಂಭಿಸಬಹುದು ಎಂದಷ್ಟೇ ಹೇಳುತ್ತಿದ್ದರು.

ಆ ಕೊಠಡಿಯ ಗೋಡೆಗೆ ಒರಗಿಸಿಟ್ಟ ಒಂದು ಮರದ ಹಲಗೆ ಇತ್ತು. ಮೇಲೆ ಮೂರು, ಕೆಳಗೆ ಮೂರು ಮೊಳೆ ಹೊಡೆದು, ಅವುಗಳ ನಡುವೆ ಕೆಂಪು, ಹಳದಿ, ಬಿಳಿ ಬಣ್ಣದ ಹಗ್ಗಗಳನ್ನು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹಾಕುವ ಮೂರು ಕಾಲಿನ ಜಡೆಯಂತೆ ಹೆಣೆದು, ಆರು ಹೆಣಿಗೆಯಾದ ಮೇಲೆ ಪ್ರತಿ ಹಗ್ಗವನ್ನೂ ತಾನು ಹೊರಟ ಮೊಳೆಯ ನೇರಕ್ಕೇ ಕಟ್ಟಿದ್ದರು. ಎಮಿಲ್ ಆರ್ಟಿನ್ 1925ರಲ್ಲಿ ವಿವರಿಸಿದ ಜಡೆಗಳ ಗ್ರೂಪನ್ನು ತೋರಿಸಲು ಅವರೇ ಮಾಡಿಕೊಂಡ ಸಾಧನ ಅದು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಎರಡನೆಯ ವರ್ಷದ ಒಂದು ಶುಕ್ರವಾರ ಸಂಜೆ, ನಾನೂ ನನ್ನ ಹಾಸ್ಟೆಲಿನ ಗೆಳೆಯನೂ ಕಿಟಕಿಯಿಂದ ಒಳಗೆ ಇಳಿದು, ಹಳದಿ ಹಗ್ಗವನ್ನು ಎರಡೂ ಮೊಳೆಗಳಿಂದ ಬಿಚ್ಚಿ ಎಳೆದುಕೊಂಡೆವು. ಹಿಂದಿನ ವಾರದ ಕಿರುಪರೀಕ್ಷೆಯಲ್ಲಿ ನನ್ನ ಉತ್ತರಕ್ಕೆ ಅವರು ಅರ್ಧ ಅಂಕವನ್ನೂ ಕೊಟ್ಟಿರಲಿಲ್ಲ, ಆ ಸಿಟ್ಟು ನನ್ನಲ್ಲಿತ್ತು. ಮರುದಿನ ಮೇಷ್ಟ್ರು ಒಳಗೆ ಬಂದಾಗ ಹಲಗೆಯ ಮೇಲೆ ಕೆಂಪು ಮತ್ತು ಬಿಳಿ ಹಗ್ಗಗಳು ಒಂದನ್ನೊಂದು ಸುತ್ತಿಕೊಳ್ಳದೆ ಸಡಿಲವಾಗಿ ಜೋತಾಡುತ್ತಿದ್ದವು. ಅವರು ಬಹಳ ಹೊತ್ತು ಹಲಗೆಯನ್ನೇ ನೋಡುತ್ತ ನಿಂತರು. ಆ ಮೌನವನ್ನು ತಾಳಲಾರದೆ ನಾನೇ ಎದ್ದು ನಿಂತೆ.

ಅವರು ಬೈಯಲಿಲ್ಲ. ಹಳದಿಯನ್ನು ತೆಗೆದ ಮೇಲೆ ಉಳಿದೆರಡನ್ನು ಬಿಡಿಸಲು ಕಷ್ಟಪಟ್ಟೆಯಾ ಎಂದು ಕೇಳಿದರು. ಇಲ್ಲ, ತಾವಾಗಿಯೇ ಬಿಡಿಸಿಕೊಂಡವು ಎಂದೆ. ಹಾಗಾದರೆ ಮತ್ತೆ ಹೆಣೆದು ಈ ಸಲ ಕೆಂಪನ್ನು ತೆಗೆ ಎಂದರು, ಅದಾದ ಮೇಲೆ ಬಿಳಿಯನ್ನು. ಹನ್ನೊಂದು ಜನರ ಎದುರಿಗೆ ಮೂರು ಸಲ ಜಡೆ ಹೆಣೆದು ಬಿಚ್ಚಿದ್ದಾಯಿತು, ಮೂರು ಸಲವೂ ಉಳಿದೆರಡು ಹಗ್ಗ ಸಲೀಸಾಗಿ ಬೇರೆಯಾದವು. ಮೂರೂ ಇದ್ದಾಗ ಬಿಡಿಸಲಾಗದ ಹೆಣಿಗೆ, ಯಾವುದಾದರೂ ಒಂದನ್ನು ತೆಗೆದರೆ ಇಲ್ಲವಾಗುತ್ತದೆ. ಇಂಥ ಜಡೆಯನ್ನು, ಹೆರ್ಮನ್ ಬ್ರುನ್ ಅವರ ನೆನಪಿಗೆ, ಬ್ರುನಿಯನ್ ಎನ್ನುತ್ತಾರೆ ಎಂದು ಹೇಳಿ ಅವರು ಸೀಮೆಸುಣ್ಣ ಹಿಡಿದರು.

ಆ ಮಧ್ಯಾಹ್ನ ಅವರು ಬರೆದ ಒಂದು ಸಾಲು ನನ್ನ ಬದುಕಿನ ದಾರಿಯನ್ನು ನಿರ್ಧರಿಸಿತು. ಗೋಲದ ಮೇಲ್ಮೈಗೆ ಸೇರಿದ ಸಿಂಪ್ಲೀಷಿಯಲ್ ಗ್ರೂಪನ್ನು ವೃತ್ತದಿಂದ ಕಟ್ಟುವ ವಿಧಾನವನ್ನು 1956ರಲ್ಲಿ ಮಿಲ್ನರ್ ತೋರಿಸಿದ್ದರು. ಅದರ ಎರಡು ಆಯಾಮದ ಪಟ್ಟಿಯಲ್ಲಿ ಅ ಮತ್ತು ಬ ಎಂಬ ಎರಡೇ ಅಕ್ಷರಗಳು ಮತ್ತು ಅವುಗಳಿಂದಾಗುವ ಪದಗಳು ಇರುತ್ತವೆ. ಕೆಳಗಿಳಿಯುವ ಮುಖಗಳು ಮೂರು: ಒಂದು ಬ ಅನ್ನು ಅಳಿಸುತ್ತದೆ, ಇನ್ನೊಂದು ಅ ಮತ್ತು ಬ ಎರಡನ್ನೂ ಒಂದೇ ಅಕ್ಷರವೆಂದು ಎಣಿಸುತ್ತದೆ, ಮೂರನೆಯದು ಅ ಅನ್ನು ಅಳಿಸುತ್ತದೆ. ಈಗ ಅ·ಬ·ಅ⁻¹·ಬ⁻¹ ಎಂಬ ಕಮ್ಯುಟೇಟರನ್ನು ನೋಡಿ ಎಂದರು ಮೇಷ್ಟ್ರು. ಬ ಹೋದರೆ ಅ·ಅ⁻¹ ಉಳಿದು ಏನೂ ಇಲ್ಲವಾಗುತ್ತದೆ. ಅ ಹೋದರೂ ಹಾಗೆಯೇ. ಎರಡೂ ಒಂದೇ ಆದರೂ ಹಾಗೆಯೇ. ಮೂರು ಮುಖಗಳಿಂದ ನೋಡಿದರೂ ಶೂನ್ಯವಾದ ಈ ಪದ ತಾನು ಶೂನ್ಯವಲ್ಲ. 1931ರಲ್ಲಿ ಹೈಂಜ್ ಹೋಫ್ ಕಂಡುಹಿಡಿದು ಜಗತ್ತನ್ನು ಬೆರಗುಗೊಳಿಸಿದ, ಮೂರು ಆಯಾಮದ ಗೋಲದಿಂದ ಎರಡು ಆಯಾಮದ ಗೋಲಕ್ಕೆ ಹೋಗುವ ಆ ನಕ್ಷೆ ಈ ನಾಲ್ಕು ಅಕ್ಷರಗಳಲ್ಲಿ ಅಡಗಿ ಕುಳಿತಿದೆ.

ಹೋಫ್ ಅವರ ನಕ್ಷೆಯನ್ನು ಹೊಮಾಲಜಿ, ಅಂದರೆ ಆಕಾರದ ರಂಧ್ರಗಳನ್ನು ಎಣಿಸುವ ಸರಳ ಲೆಕ್ಕ, ಏಕೆ ಕಾಣಲಾರದು ಎಂದು ನಾವು ಮೊದಲೇ ಕೇಳಿದ್ದೆವು. ಉತ್ತರವೂ ಅದೇ ಸಾಲಿನಲ್ಲಿತ್ತು. ಕಾನ್ ಕಟ್ಟಿದ ಗ್ರೂಪಿನಲ್ಲಿ ಅಬ ಮತ್ತು ಬಅ ಒಂದೇ ಎಂದು ಒಪ್ಪಿಕೊಂಡ ಗಳಿಗೆಯಲ್ಲಿ ಹೊಮೊಟೊಪಿ ಹಿಂದೆ ಸರಿದು ಹೊಮಾಲಜಿ ಉಳಿಯುತ್ತದೆ, ಕಮ್ಯುಟೇಟರ್ ಅಳಿದುಹೋಗುತ್ತದೆ. ಬಿಟ್ಟುಕೊಟ್ಟದ್ದನ್ನು ಹಂತಹಂತವಾಗಿ, ಕಮ್ಯುಟೇಟರುಗಳ ಕಮ್ಯುಟೇಟರುಗಳನ್ನು ಹಿಡಿದು, ಮರಳಿ ಪಡೆಯುವ ದಾರಿಯನ್ನು 1965ರಲ್ಲಿ ಎಡ್ವರ್ಡ್ ಕರ್ಟಿಸ್ ತೆರೆದರು. ಕ್ವಿಲನ್ ಮತ್ತು ಕಾನ್ ಅವರೂ ಇದ್ದ ಆರು ಜನರ ತಂಡ ಮರುವರ್ಷವೇ ಅದನ್ನು ಹೊಮೊಟೊಪಿಯನ್ನು ಹಂತಹಂತವಾಗಿ ಲೆಕ್ಕ ಹಾಕುವ ಸಾಧನವಾದ ಆಡಮ್ಸ್ ಅವರ ಸ್ಪೆಕ್ಟ್ರಲ್ ಸೀಕ್ವೆನ್ಸಿಗೆ ಜೋಡಿಸಿತು. ಇವೆಲ್ಲವನ್ನೂ ನಾನು ವಿವರವಾಗಿ ಓದಿದ್ದು ನನ್ನ ಸಂಶೋಧನೆಯ ವರ್ಷಗಳಲ್ಲಿ. ಹನ್ನೊಂದು ಜನರಲ್ಲಿ ಟೊಪಾಲಜಿಯನ್ನೇ ವೃತ್ತಿಯಾಗಿಸಿಕೊಂಡವನು ನಾನೊಬ್ಬನೇ. ನನ್ನ ಪ್ರಬಂಧದ ಮೊದಲ ಅಧ್ಯಾಯದ ಸ್ಪಷ್ಟತೆಯನ್ನು ಪರೀಕ್ಷಕರು ವಿಶೇಷವಾಗಿ ಮೆಚ್ಚಿ ಬರೆದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ, ಏಕೆಂದರೆ ಅದು ಆ ಶನಿವಾರದ ಪಾಠವೇ ಆಗಿತ್ತು, ಮತ್ತು ಅದನ್ನು ನಾನು ಚೆನ್ನಾಗಿ ಕಲಿತಿದ್ದೆ.

ಮೇಷ್ಟ್ರು ನಮ್ಮನ್ನೇ ಹಲಗೆಯ ಮುಂದೆ ನಿಲ್ಲಿಸುತ್ತಿದ್ದರು. ಒಂದು ಹಳೆಯ ಲೇಖನ ಕೊಟ್ಟು, ಮೊದಲು ತಮಗೊಬ್ಬರಿಗೇ ಹೇಳಿಸಿ, ತಿದ್ದಿ, ಅನಂತರ ಎಲ್ಲರೆದುರು ಹೇಳಿಸುತ್ತಿದ್ದರು. ಕೇಂಬ್ರಿಜಿನ ಎಂ.ಐ.ಟಿ.ಯಲ್ಲಿ ಕಾನ್ ತಮ್ಮ ವಿದ್ಯಾರ್ಥಿಗಳಿಗೆ ನಡೆಸುತ್ತಿದ್ದ, ಇಂದಿಗೂ ಅವರ ಹೆಸರಿನಲ್ಲೇ ಕರೆಯಲಾಗುವ ಸೆಮಿನಾರಿನ ಕ್ರಮವೂ ಇದೇ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಇಂದು ನಾನು ಕಾಣುವ ತರಗತಿಗಳಲ್ಲಿ ಸೆಮಿಸ್ಟರಿನ ವಾರಗಳನ್ನು ಎಣಿಸಿ ಸುತ್ತುಗಳ ಬಗೆಗಳನ್ನಷ್ಟೇ ಎಣಿಸುವ ಮೂಲಭೂತ ಗ್ರೂಪಿನವರೆಗೆ ಓಡಿ ನಿಲ್ಲುತ್ತಾರೆ. ಪರದೆಯ ಮೇಲೆ ಸಿದ್ಧ ಸಾಲುಗಳು ಸರಿಯುತ್ತವೆ. ಎರಡು ವರ್ಷ ಓದಿದವನು ಒಮ್ಮೆಯೂ ಸೀಮೆಸುಣ್ಣ ಹಿಡಿಯದೆ ಪದವಿ ಪಡೆಯಬಹುದು. ಮಕ್ಕಳು ನಮಗಿಂತ ಚುರುಕಾಗಿದ್ದಾರೆ. ಅಕ್ಷರವೊಂದನ್ನು ತಾವೇ ಒರೆಸಿ ಉಳಿದದ್ದನ್ನು ನೋಡುವ ಬಿಡುವು ಅವರಿಗೆ ಸಿಗುತ್ತಿಲ್ಲ ಎಂಬುದು ನನ್ನ ಬೇಸರ.

2006ರಲ್ಲಿ ಬೆರಿಕ್, ಕೊಹೆನ್, ವಾಂಗ್ ಮತ್ತು ವು ಎಂಬ ನಾಲ್ವರ ಲೇಖನವೊಂದು ಅಮೆರಿಕದ ಗಣಿತ ಸಂಘದ ಪತ್ರಿಕೆಯಲ್ಲಿ ಬಂತು. ಐದು ಅಥವಾ ಹೆಚ್ಚು ಎಳೆಗಳಿಂದ ಗೋಲದ ಮೇಲೆ ಹೆಣೆದ ಬ್ರುನಿಯನ್ ಜಡೆಗಳನ್ನು ತೆಗೆದುಕೊಂಡು, ಅವುಗಳಲ್ಲಿ ಚಪ್ಪಟೆ ತಟ್ಟೆಯ ಮೇಲಿನ ಬ್ರುನಿಯನ್ ಜಡೆಗಳಿಂದ ಬಂದವುಗಳನ್ನು ಲೆಕ್ಕದಿಂದ ಬಿಟ್ಟರೆ, ಉಳಿಯುವುದು ಗೋಲದ ಹೊಮೊಟೊಪಿ ಗ್ರೂಪ್ ಎಂದು ಅವರು ಸಾಧಿಸಿದ್ದರು. ಹಲಗೆಯ ಹಗ್ಗಗಳಿಂದ ಕರಿಹಲಗೆಯ ಕಮ್ಯುಟೇಟರಿಗೆ ಮೇಷ್ಟ್ರು ಅಂದು ಬರೀ ಹೋಲಿಕೆಯಾಗಿ ದಾಟಿದ್ದರು. ಆ ದಾಟು ಈಗ ಪ್ರಮೇಯವಾಗಿತ್ತು. ನಿವೃತ್ತರಾಗಿ ಊರಿನಲ್ಲಿದ್ದ ಅವರಿಗೆ ಅದರ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದೆ.

ಉತ್ತರ ಒಂದು ಕಾರ್ಡಿನಲ್ಲಿ ಬಂತು. ಕುಶಲ ಪ್ರಶ್ನೆ ಒಂದು ಸಾಲು, ಉಳಿದದ್ದೆಲ್ಲ ಲೆಕ್ಕ. ಮುಂದಿನ ಪಟ್ಟಿಯಲ್ಲಿ ಅ, ಬ, ಕ ಎಂಬ ಮೂರು ಅಕ್ಷರಗಳಿವೆ. [ಅ, ಬ] ಎಂದರೆ ಅ·ಬ·ಅ⁻¹·ಬ⁻¹ ಎಂದಿಟ್ಟುಕೊಂಡು, [[ಅ, ಬ], [ಅ, ಕ]] ಎಂಬ ಪದದ ನಾಲ್ಕು ಮುಖಗಳನ್ನು ತೆಗೆ ಎಂದಿದ್ದರು. ಕ ಅನ್ನು ಅಳಿಸಿದೆ, ಬ ಮತ್ತು ಕ ಒಂದು ಮಾಡಿದೆ, ಅ ಮತ್ತು ಬ ಒಂದು ಮಾಡಿದೆ, ಅ ಅನ್ನು ಅಳಿಸಿದೆ. ನಾಲ್ಕು ಸಲವೂ ಏನೂ ಉಳಿಯಲಿಲ್ಲ. ಗೋಲದ ನಾಲ್ಕನೆಯ ಹೊಮೊಟೊಪಿ ಗ್ರೂಪಿನಲ್ಲಿರುವುದು ಎರಡೇ ಅಂಶಗಳು, ಅವುಗಳಲ್ಲಿ ಶೂನ್ಯವಲ್ಲದ್ದು ಈ ಪದ. ಎರಡೇ ಅಂಶಗಳಿರುವುದರಿಂದ ಇದನ್ನು ಎರಡು ಸಲ ಬರೆದರೆ ಮೇಲಿನ ಪಟ್ಟಿಯ ಯಾವುದೋ ಒಂದು ಪದದ ಅಂಚಾಗಲೇಬೇಕು; ಆ ಪದವನ್ನು ಬರೆದು ಕಳಿಸು ಎಂಬುದು ಕಾರ್ಡಿನ ಕೊನೆಯ ಸಾಲು.

ಹನ್ನೆರಡು ದಿನ ಕುಳಿತು ಎರಡು ಹಾಳೆ ತುಂಬ ಬರೆದು ಕಳಿಸಿದೆ. ತಿಂಗಳೊಳಗೆ ಅವೇ ಹಾಳೆಗಳು ಹಿಂದಿರುಗಿದವು. ಮೊದಲ ಹಾಳೆಯ ಏಳನೆಯ ಸಾಲಿನಲ್ಲಿ ನಾನು ಬಿಟ್ಟಿದ್ದ ಒಂದು ವಿಲೋಮ ಚಿಹ್ನೆಯನ್ನು ಕೆಂಪು ಪೆನ್ಸಿಲಿನಲ್ಲಿ ಸೇರಿಸಿ, ಅಲ್ಲಿಂದ ಮುಂದಿನ ಪ್ರತಿ ಸಾಲನ್ನೂ ಅದಕ್ಕೆ ತಕ್ಕಂತೆ ತಾವೇ ತಿದ್ದಿ, ಕೊನೆಯಲ್ಲಿ ಸರಿ ಗುರುತು ಹಾಕಿ, ಅದರ ಪಕ್ಕದಲ್ಲಿ ಅಂದಿನ ಕಿರುಪರೀಕ್ಷೆಯಲ್ಲಿ ಕೊಡದಿದ್ದ ಅರ್ಧ ಅಂಕವನ್ನು ಬರೆದಿದ್ದರು.