ಯೆಜ್ಡಿ, ಭಾಗ 4: ಎರಡನೇ ರಿಂಗಿನ ಗೋಳು

ನನ್ನ ಹಳೇ ಯೆಜ್ಡಿ ಬೈಕಿನ ಎಂಜಿನ್ ರಿಪೇರಿ ಇನ್ನೂ ನಡೀತಿದೆ. ಎಂಜಿನ್ನಿನ ಮುಚ್ಚಳ, ಅಂದರೆ ಹೆಡ್ ಬಿಚ್ಚಿದ್ದು, ಬ್ಲಾಕ್ (ಸಿಲಿಂಡರ್) ಎಳೆದದ್ದು, ಸರ್ಕ್ಲಿಪ್ ಅನ್ನೋ ಪುಟ್ಟ ತಂತಿ ಬಳೆ ಚಿಮ್ಮಿ ತುಳಸಿಕಟ್ಟೆ ಹಿಂದೆ ಮಾಯವಾದದ್ದು, ಇದೆಲ್ಲ ನಿಮಗೂ ಆಗಿರೋ ಕಥೆ. ಬಿಡಿ. ಈ ಸಲ ಬರೀ ಪಿಸ್ಟನ್, ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡುವ ಭಾಗ. ಅದರಲ್ಲೂ ಅದರ ಸುತ್ತ ಬಳೆಯ ಹಾಗೆ ಕೂತು ಒತ್ತಡ ಸೋರದಂತೆ ತಡೆಯುವ ರಿಂಗುಗಳಲ್ಲಿ ಎರಡನೆಯದು ಕೂರುವ ಗ್ರೂವ್. ಬೆಂಕಿಕಡ್ಡಿ ಅಗಲದ ಒಂದು ತೋಡು ನನ್ನ ಮೂರು ಸಂಜೆ ತಿಂದಿದೆ.

ಪಿಸ್ಟನ್ ತಲೆ ಮೇಲಿನ ಕಾರ್ಬನ್ ಕರಿ ಸುಲಭವಾಗಿ ಹೋಯಿತು. ರಾತ್ರಿ ಡೀಸೆಲ್‌ನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಬಿದಿರಿನ ಸೀಳಿನಿಂದ ಕೆರೆದರೆ ಹಪ್ಪಳದ ಚೂರಿನ ಹಾಗೆ ಎದ್ದು ಬಂತು. ಅಡಿಯಲ್ಲಿ ಬಾಣದ ಗುರುತು, ಪಕ್ಕದಲ್ಲಿ ಅಳತೆ 65.50. ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ. ಅಂದರೆ ಮೈಸೂರಿನ ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಈ ಬ್ಲಾಕ್ ಒಂದು ಸಲವಾದರೂ ಬೋರಿಂಗಿಗೆ, ಅಂದರೆ ಸವೆದ ಒಳಗೋಡೆ ಕೊರೆದು ಅಗಲ ಮಾಡಿಸೋಕೆ, ಹೋಗಿ ಬಂದಿದೆ. ಗಾಡಿ ಕೊಟ್ಟವರು ‘ಎಂಜಿನ್‌ಗೆ ಯಾರೂ ಕೈ ಹಾಕಿಲ್ಲ ಸಾರ್’ ಅಂದಿದ್ದರು. ಸರಿ ಸ್ವಾಮಿ.

ಮೇಲಿನ ರಿಂಗ್ ಮರ್ಯಾದೆಯಾಗಿ ಬಂತು. ಎರಡನೆಯದು ಪಿಸ್ಟನ್ ಜೊತೆ ಒಂದಾಗಿಬಿಟ್ಟಿತ್ತು. ಇದು ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಗಾಡಿ, ಹಿಂದಿನವರು ಆಯಿಲನ್ನು ಕಣ್ಣಳತೆಯಲ್ಲಿ ಸುರಿದು ಓಡಿಸಿದ್ದಾರೆ. ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಸಾಕು, ಇವರು ಎಷ್ಟು ಸುರಿದರೋ ದೇವರಿಗೇ ಗೊತ್ತು. ಉರಿಯದೆ ಉಳಿದ ಎಣ್ಣೆ ರಿಂಗಿನ ಹಿಂದೆ ಸೇರಿ, ಬೆಂದು, ಅಂಟಾಗಿ, ಕೊನೆಗೆ ಗಾಜಿನ ಹಾಗೆ ಗಟ್ಟಿಯಾಗಿದೆ. ರಿಂಗ್ ಸ್ಪ್ರಿಂಗಿನ ಹಾಗೆ ಹೊರಗೆ ಒತ್ತಬೇಕು, ಅಲ್ವಾ? ಅದು ಒತ್ತುವುದನ್ನೇ ಬಿಟ್ಟಿತ್ತು. ಗ್ರೂವ್ ಕೆಳಗೆ ಪಿಸ್ಟನ್ ಮೈ ತುಂಬ ಕಂದು ಕಲೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಎಲ್ಲಿ ಹೋಗ್ತಿತ್ತು ಅಂತ ಆಗ ಗೊತ್ತಾಯಿತು. ಬಿಡಿಸೋಕೆ ಹೋದೆ, ನಾಲ್ಕು ತುಂಡಾಯಿತು.

ಸೀಮೆಎಣ್ಣೆ, ಡೀಸೆಲ್ ಯಾವುದಕ್ಕೂ ಗ್ರೂವಿನೊಳಗಿನ ಕಾರ್ಬನ್ ಜಗ್ಗಲಿಲ್ಲ. ಗೆಳೆಯನೊಬ್ಬ ‘ಕಾಸ್ಟಿಕ್ ಸೋಡಾ ಹಾಕು’ ಅಂದ. ಪುಣ್ಯಕ್ಕೆ ಮೊದಲು ಗುಜರಿ ಪಿಸ್ಟನ್ ಚೂರಿನ ಮೇಲೆ ನೋಡಿದೆ. ಬುಸುಬುಸು ನೊರೆ ಎದ್ದು ಚೂರು ಕಪ್ಪಗಾಯಿತು. ಕಾರ್ಬನ್ ಹಾಗೇ ಇದೆ, ಅಲ್ಯೂಮಿನಿಯಂ ಕರಗುತ್ತಿದೆ! ಬರುತ್ತಿರುವುದು ಹೈಡ್ರೋಜನ್ ಬೇರೆ. ಕಾಸ್ಟಿಕ್ ಏನಿದ್ದರೂ ಸೈಲೆನ್ಸರಿನೊಳಗೆ ಸದ್ದು ತಗ್ಗಿಸುವ ಕಬ್ಬಿಣದ ಬ್ಯಾಫಲ್‌ಗೆ. ಪಿಸ್ಟನ್ ಹತ್ತಿರ ತರಬೇಡಿ.

ಒಣಗಿದ್ದನ್ನೇ ಕೆರೆಯುತ್ತಾ ಕೂತಿದ್ದು ನೋಡಿ ಅಮ್ಮ ಕೇಳಿದರು: ‘ತಳ ಸೀದ ಪಾತ್ರೇನ ಒಣಗಿದ ಮೇಲೆ ಯಾರಾದ್ರೂ ಉಜ್ತಾರೇನೋ?’ ಹೌದಲ್ಲ! ಹಳೇ ಡಬ್ಬಿಯಲ್ಲಿ ಕಾರ್ಬ್ಯುರೇಟರ್ ಕ್ಲೀನರ್ ಹಾಕಿ ಪಿಸ್ಟನ್ನನ್ನು ಮುಳುಗಿಸಿ, ಮುಚ್ಚಳ ಹಾಕಿ ಎರಡು ದಿನ ಮರೆತುಬಿಟ್ಟೆ. ಆಮೇಲೆ ತೊಳೆದು ಬಿಸಿನೀರಿನಲ್ಲಿಟ್ಟೆ. ಮುರಿದ ರಿಂಗಿನ ತುಂಡೇ ಕೆರೆಯುವ ಆಯುಧ, ಗ್ರೂವ್‌ಗೆ ಅಳತೆ ತೆಗೆದ ಹಾಗೆ ಕೂರುತ್ತೆ. ತುದಿಯನ್ನು ಉಳಿ ಥರ ಉಜ್ಜಿಕೊಳ್ಳಿ. ಆದರೆ ಪಕ್ಕದ ಅಂಚುಗಳನ್ನು ಮೊಂಡು ಮಾಡಿಕೊಳ್ಳಿ, ಇಲ್ಲದಿದ್ದರೆ ಗ್ರೂವಿನ ಗೋಡೆಯನ್ನೇ ಕೆತ್ತುತ್ತೆ. ಈ ಸಲ ಕರಿ ಸುರುಳಿ ಸುರುಳಿಯಾಗಿ ಬಂತು, ಪೆನ್ಸಿಲ್ ಚೂಪು ಮಾಡಿದ ಹಾಗೆ.

ಒಂದು ಕಡೆ ಬಿಟ್ಟು. ಅಲ್ಲೊಂದು ಗಂಟು, ಏನು ಮಾಡಿದರೂ ಅಲುಗಲ್ಲ. ಬೈದೆ. ಮತ್ತೆ ನೆನೆಸಿದೆ. ಸಣ್ಣ ಸುತ್ತಿಗೆಯಿಂದ ತಟ್ಟೋಣ ಅಂತ ಟಾರ್ಚ್ ಬಿಟ್ಟು ನೋಡಿದರೆ ಕಪ್ಪಿನ ನಡುವೆ ಬೆಳ್ಳಗೆ ಮಿಂಚುವ ಚುಕ್ಕಿ. ರಿಂಗ್ ಪಿನ್! ರಿಂಗ್ ತಿರುಗದ ಹಾಗೆ ಗ್ರೂವಿನಲ್ಲಿ ಕೂರಿಸಿರುವ ಪುಟ್ಟ ಮೊಳೆ. ಒಂದು ಇಡೀ ಸಂಜೆ ನಾನು ಕೆರೆದದ್ದು ಪಿನ್ನನ್ನು. ಮೇಲಿನ ಪಿನ್ ನೇರಕ್ಕೇ ಇದೂ ಇರುತ್ತೆ ಅಂದುಕೊಂಡಿದ್ದೆ. ರಿಂಗಿನ ಬಾಯಿಗಳು (ಎರಡು ತುದಿಗಳ ನಡುವಿನ ಸಂದು) ಒಂದೇ ಸಾಲಿಗೆ ಬರಬಾರದು ಅಂತ ಪಿನ್‌ಗಳನ್ನು ಅಕ್ಕಪಕ್ಕ ಸರಿಸಿಟ್ಟಿರುತ್ತಾರೆ. ಇದನ್ನು ನಾನೇ ಮೂರು ಜನಕ್ಕೆ ಪಾಠ ಹೇಳಿದ್ದೀನಿ. ಪಿನ್ ಸಡಿಲವಾಗಿದ್ದರೆ ಪಿಸ್ಟನ್ನೇ ಗುಜರಿಗೆ ಹೋಗ್ತಿತ್ತು. ರಿಂಗ್ ತಿರುಗಿ ತುದಿ ಸಿಲಿಂಡರ್ ಗೋಡೆಯ ತೂತಿಗೆ (ಪೋರ್ಟಿಗೆ) ಸಿಕ್ಕಿದರೆ ಮುಗೀತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿದೆ. ಭದ್ರವಾಗಿದೆ.

ಇನ್ನು ಸ್ಪೇರ್ ಅಂಗಡಿಯವರ ಮಹಿಮೆ. ಹೊಸ ರಿಂಗಿನ ಪೊಟ್ಟಣದ ಮೇಲೆ 65.50 ಅಂತ ಅಚ್ಚುಕಟ್ಟಾದ ಸ್ಟಿಕ್ಕರ್. ರಿಂಗನ್ನು ಬೋರ್ ಒಳಗಿಟ್ಟು ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದರೆ ಬಾಯಿಯ ಗ್ಯಾಪ್ 1 ಮಿ.ಮೀ. ದಾಟುತ್ತಿದೆ. ಬೇಕಾದದ್ದು ಅದರ ಕಾಲು ಭಾಗ. ಲೆಕ್ಕ ಹಾಕಿದೆ: ವ್ಯಾಸ 0.25 ಕಡಿಮೆಯಾದರೆ ಸುತ್ತಳತೆ ಸುಮಾರು 0.78 ಕಡಿಮೆಯಾಗುತ್ತೆ. ಒಳಗಿರುವುದು 65.25! ಫೋನ್ ಮಾಡಿದರೆ ‘ಸ್ವಲ್ಪ ಹಿಗ್ಗಿಸಿ ಹಾಕಿ ಸಾರ್, ಕೂತ್ಕೊಳ್ಳುತ್ತೆ’ ಅಂದರು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ನಮ್ಮ ಪಾಡು ಇದೇ.

ಬದಲಿ ಪೊಟ್ಟಣ ಬರುವವರೆಗೆ ಸುಮ್ನೆ ಕೂರೋಕಾಗುತ್ತಾ? ಹುಣಸೂರಿನಲ್ಲಿ ಮಾವನ ಕೊಟ್ಟಿಗೆಯಲ್ಲಿ ಒಂದು ಲೂನಾ ಇದೆ. ಪೆಡಲ್ ಸಮೇತ. ಸೀಟಿನೊಳಗೆ ಇಲಿ ಸಂಸಾರ ಹೂಡಿದೆ. ಬರೀ ನೋಡಿ ಬರ್ತೀನಿ ಅಂತ ಮನೆಯಲ್ಲಿ ಹೇಳಿದ್ದೀನಿ, ಯಾರೂ ನಂಬಿಲ್ಲ.

ಮೊನ್ನೆ ಸರಿಯಾದ ರಿಂಗ್ ಬಂತು. ಗ್ಯಾಪ್ 0.28. ಗ್ರೂವ್ ಒಳಗೆ ಸುತ್ತಲೂ ಉರುಳಿಸಿದೆ, ಎಲ್ಲೂ ಹಿಡಿಯಲಿಲ್ಲ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ಬೈಕಿನವರೆಲ್ಲ ಸೇರುವ ಜಾವಾ ದಿನ, ಅಷ್ಟರಲ್ಲಿ ರಸ್ತೆಗಿಳಿಸಬೇಕು. ಸದ್ಯಕ್ಕೆ ಎರಡೂ ಬ್ಯಾಫಲ್ ಹಿತ್ತಲಲ್ಲಿ ಕಾಸ್ಟಿಕ್ ಬಕೆಟ್‌ನಲ್ಲಿವೆ. ಅದು ಬಚ್ಚಲುಮನೆಯ ಬಕೆಟ್ ಅಂತ ಅಮ್ಮನಿಗೆ ಇನ್ನೂ ಗೊತ್ತಿಲ್ಲ.